ಹಳೆ ಡಿಸೈನ್ ಗಾಜು ಕೀಳುವ ಮೊದಲು

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಮನೆಯನ್ನು ಹೊಸದಾಗಿ ಮಾಡಿಸಿಕೊಳ್ಳುವ ಬಗ್ಗೆ ಒಂದು ಲೇಖನ ಬಂದಿತ್ತು. ಅದರಲ್ಲಿದ್ದ ಒಂದು ಸಲಹೆ ನನಗೆ ಸರಿಬರಲಿಲ್ಲ. ಕಿಟಕಿಯಲ್ಲಿರುವ ಹಳೆ ಕಾಲದ ಡಿಸೈನ್ ಗಾಜು, ಅಂದರೆ ಒಂದು ಮೈಯಲ್ಲಿ ಹೂವೋ ತರಿಯೋ ಉಬ್ಬಾಗಿ ಒತ್ತಿರುವ ಗಾಜು, ಕಿತ್ತುಹಾಕಿ, ನೆಲದಿಂದ ಸೂರಿನವರೆಗೆ ಒಂದೇ ಹಾಳೆಯ ಪ್ಲೇನ್ ಗಾಜು ಕೂರಿಸಿ, ಹೊರಗಿನ ಹಸಿರೆಲ್ಲ ಮನೆಯೊಳಗೆ ಬಂದುಬಿಡುತ್ತದೆ ಅಂತ ಬರೆದಿದ್ದರು. ಬೆಂಗಳೂರಿನ ಫ್ಲ್ಯಾಟಿನವರಿಗೆ ಇದು ಹೊಸ ಮಾತಿರಬಹುದು. ಕೊಡಗಿನಲ್ಲಿ ಜನ ಆಗಲೇ ಇದನ್ನೇ ಮಾಡುತ್ತಿದ್ದಾರೆ. ನಾಪೋಕ್ಲು ಕಡೆ ಹೋಗಿ, ಸೋಮವಾರಪೇಟೆ ಕಡೆ ಹೋಗಿ, ಹಳೆ ಮನೆ ಒಂದೊಂದೇ ಹೋಂಸ್ಟೇ ಆಗುತ್ತಿದೆ. ಹೋಂಸ್ಟೇ ಆಗುವ ಮನೆಯಲ್ಲಿ ಮೊದಲು ಪೆಟ್ಟು ಬೀಳುವುದೇ ಕಿಟಕಿಗೆ. ತೇಗದ ಚೌಕಟ್ಟಿಗಾದರೂ ಬೆಲೆ ಇದೆ, ಯಾರಾದರೂ ಕೊಂಡುಕೊಳ್ಳುತ್ತಾರೆ. ಗಾಜನ್ನು ಗುಜರಿಯವರೂ ಮುಟ್ಟುವುದಿಲ್ಲ. ಅದು ತೋಟದ ಮೂಲೆಯ ಗುಂಡಿಗೆ ಹೋಗುತ್ತದೆ, ಮುಂದಿನ ವರ್ಷ ಕಳೆ ತೆಗೆಯುವವರ ಕಾಲಿಗೆ ಚುಚ್ಚುತ್ತದೆ.

ನಾನು ಗಾಜಿನ ವ್ಯಾಪಾರದವಳಲ್ಲ. ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ, ಹಂಚಿನ ಮನೆ, ಅಷ್ಟೇ. ಆದರೆ ಇಂಥ ಗಾಜು ಮಾಡುವ ಕಾರ್ಖಾನೆಯನ್ನು ಒಳಗೆ ಹೋಗಿ ನೋಡಿ ಬಂದಿದ್ದೇನೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಕಾರ್ಖಾನೆಯ ಭಾಗ ಮಾತ್ರ ಉಳಿಸಿಕೊಳ್ಳಿ.

ಮಗಳ ಮನೆ ಇರುವುದು ಅಮೆರಿಕದ ಇಂಡಿಯಾನಾದಲ್ಲಿ. ಬಾಣಂತನಕ್ಕೆ ಅಂತ ಹೋಗಿದ್ದೆ. ಅಲ್ಲಿ ಮನೆಯೊಳಗೇ ಕೂತು ಕೂತು ನನಗೆ ಬೇಜಾರಾಗಿದೆ ಅಂತ ಅಳಿಯನಿಗೆ ಅನಿಸಿರಬೇಕು, "ಅತ್ತೆ, ನಿಮಗೆ ಇಷ್ಟ ಆಗುವ ಜಾಗ ಒಂದಿದೆ ಬನ್ನಿ" ಅಂತ ಕರೆದುಕೊಂಡು ಹೋದ. ಇಂಡಿಯಾನಾಪೊಲಿಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ ದೂರ, ಕೊಕೊಮೊ ಅನ್ನುವ ಊರು. ಕಾರ್ಖಾನೆಯ ಹೆಸರು ಕೊಕೊಮೊ ಒಪಲೆಸೆಂಟ್ ಗ್ಲಾಸ್. 1888ರಲ್ಲಿ ಶುರುವಾದದ್ದು. ಚರ್ಚ್ ಕಿಟಕಿಗಳಿಗೆ, ಬಣ್ಣದ ದೀಪಗಳಿಗೆ ಬೇಕಾಗುವ ಗಾಜಿನ ಹಾಳೆಗಳೇ ಅವರ ಕೆಲಸ. ಬಣ್ಣದ ಗಾಜಿನ ದೀಪಗಳಿಗೆ ಹೆಸರಾದ ನ್ಯೂಯಾರ್ಕಿನ ಲೂಯಿ ಟಿಫಾನಿ ಕೂಡ ಇಲ್ಲಿಂದ ಗಾಜು ತರಿಸಿಕೊಳ್ಳುತ್ತಿದ್ದರು.

ಆ ಊರಿಗೇ ಯಾಕೆ ಬಂತು ಅಂದರೆ, 1886ರಲ್ಲಿ ಅಲ್ಲಿ ನೆಲದೊಳಗೆ ನೈಸರ್ಗಿಕ ಅನಿಲ ಸಿಕ್ಕಿತು. ಗಾಜಿಗೆ ಮರಳಿಗಿಂತ ದುಬಾರಿ ಉರುವಲು. ಉರುವಲು ಬಿಟ್ಟಿ ಸಿಗುತ್ತದೆ ಅಂತ ಗೊತ್ತಾದದ್ದೇ ತಡ, ಗಾಜಿನ ಕಾರ್ಖಾನೆಗಳು ಸಾಲಾಗಿ ಬಂದವು. ಅನಿಲ ಮುಗಿಯುವುದೇ ಇಲ್ಲ ಅಂದುಕೊಂಡು ಜನ ಹಗಲಲ್ಲೂ ಬೀದಿಯಲ್ಲಿ ಪಂಜು ಉರಿಸಿದರು. ಮುಂದಿನ ಶತಮಾನ ಶುರುವಾಗುತ್ತಿದ್ದ ಹಾಗೆ ಎಲ್ಲ ಖಾಲಿ. ಬಂದವರಲ್ಲಿ ಹೆಚ್ಚಿನವರು ಗಂಟುಮೂಟೆ ಕಟ್ಟಿದರು, ಇವರು ಉಳಿದರು. ನಮ್ಮ ಕೊಳವೆಬಾವಿಗಳ ಕತೆ ನೆನಪಾಯಿತು, ಅದು ಬೇರೆ ವಿಷಯ ಬಿಡಿ.

ಒಳಗೆ ಬಿಡುವ ಮೊದಲು ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಟ್ಟರು, ಕಾಲಿಗೆ ಪೂರ್ತಿ ಮುಚ್ಚಿದ ಶೂ ಇದೆಯಾ ಅಂತ ನೋಡಿದರು. ಸೀರೆ ಬೇಡ ಅಂತ ಅಳಿಯ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಬಾಗಿಲು ದಾಟಿದ ಕೂಡಲೇ ಬಿಸಿ ಮುಖಕ್ಕೆ ಹೊಡೆಯಿತು. ನಡುವೆ ದುಂಡಗಿನ ದೊಡ್ಡ ಕುಲುಮೆ. ಅದರ ಸುತ್ತ ಸಣ್ಣ ಸಣ್ಣ ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಮಣ್ಣಿನ ಪಾತ್ರೆ, ಒಂದೊಂದು ಪಾತ್ರೆಯಲ್ಲಿ ಒಂದೊಂದು ಬಣ್ಣದ ಗಾಜು. ಮರಳು, ಸೋಡಾ ಆ್ಯಶ್, ಸುಣ್ಣಕಲ್ಲಿನ ಪುಡಿ, ಜೊತೆಗೆ ಒಡೆದ ಗಾಜಿನ ಚೂರು. ಇದನ್ನೆಲ್ಲ ತುಂಬಿ ರಾತ್ರಿಯಿಡೀ ಬೇಯಿಸುತ್ತಾರೆ, ಹಗಲು ತೆಗೆಯುತ್ತಾರೆ. ಬಿಸಿ ಸುಮಾರು 1400 ಡಿಗ್ರಿ ಸೆಲ್ಸಿಯಸ್. ಚೂರು ಹಾಕುವುದು ಬರೀ ಉಳಿತಾಯಕ್ಕೆ ಅಂದುಕೊಂಡಿದ್ದೆ. ಉಳಿತಾಯವೇ, ಆದರೆ ಮರಳಿನದ್ದಲ್ಲ, ಬೆಂಕಿಯದ್ದು. ಒಮ್ಮೆ ಗಾಜಾದದ್ದು ಎರಡನೇ ಸಲ ಕಡಿಮೆ ಬಿಸಿಗೆ ಕರಗುತ್ತದೆ. ಶೇ 10ರಷ್ಟು ಚೂರು ಸೇರಿಸಿದರೆ ಉರುವಲಿನಲ್ಲಿ ಶೇ 2.5ರಿಂದ 3ರಷ್ಟು ಉಳಿಯುತ್ತದೆ. ನಮ್ಮ ಗುಜರಿಯವರು ಬೇಡ ಅನ್ನುವ ವಸ್ತುವಿಗೆ ಅಲ್ಲಿ ಅಷ್ಟು ಮರ್ಯಾದೆ.

ಇನ್ನು ಕೆಲಸ. ನಾನು ಯಂತ್ರ ನೋಡಲು ಹೋದವಳು, ಅಲ್ಲಿ ಕಂಡದ್ದು ಸೌಟು. ಆಳುದ್ದದ ಹಿಡಿಯ ಕಬ್ಬಿಣದ ಸೌಟು ಹಿಡಿದು ಹುಡುಗರು ಸಾಲಾಗಿ ನಿಂತಿದ್ದರು. ಮೇಜಿನ ಹತ್ತಿರ ನಿಂತವನು ಸನ್ನೆ ಮಾಡಿದ. ಕುಲುಮೆಯ ಬಾಗಿಲು ತೆರೆದುಕೊಂಡಿತು, ಒಬ್ಬ ಸೌಟು ಅದ್ದಿ ತುಂಬಿಕೊಂಡ, ತಿರುಗಿದ, ಓಡಿದ. ನಡೆಯಲಿಲ್ಲ, ಓಡಿದ. ಓಡುವಾಗಲೂ ಸೌಟನ್ನು ಕುಲುಕುತ್ತಲೇ ಇದ್ದ, ಯಾಕೆಂದರೆ ಒಂದು ಕ್ಷಣ ಸುಮ್ಮನೆ ಬಿಟ್ಟರೂ ಅಂಚಿನ ಗಾಜು ಗಟ್ಟಿಯಾಗಲು ಶುರುವಾಗುತ್ತದೆ. ಅವನ ಹಿಂದೆ ಇನ್ನೊಬ್ಬ ಇನ್ನೊಂದು ಬಾಗಿಲಿನಿಂದ, ಅವನ ಹಿಂದೆ ಮತ್ತೊಬ್ಬ. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಮೇಜಿನ ಮೇಲೆ ಸುರಿದಾಗ ಅದು ಬಿಸಿ ಜೋನಿಬೆಲ್ಲದ ಹಾಗೆ ಮಡಿಕೆ ಮಡಿಕೆಯಾಗಿ ಬಿತ್ತು. ತಮಾಷೆ ಅಂದರೆ ಆ ಬಿಸಿಯಲ್ಲಿ ಎಲ್ಲ ಬಣ್ಣವೂ ಒಂದೇ, ಎಲ್ಲವೂ ಕೆಂಡದ ಕಿತ್ತಳೆ. ಇದು ನೀಲಿ, ಇದು ಹಾಲುಬಿಳಿ ಅಂತ ನಮಗೆ ತಿಳಿಯುವುದೇ ಇಲ್ಲ, ಅವರಿಗೆ ಯಾವ ಬಾಗಿಲಿನಿಂದ ಬಂತು ಅನ್ನುವುದರ ಮೇಲೆ ಗೊತ್ತು.

ಆಮೇಲೆ ಆ ಮೇಜಿನವನು. ಅವನ ಕೈಯಲ್ಲಿ ಮುಳ್ಳಿರುವ ಉದ್ದ ಸಲಾಕೆ. ಬಿದ್ದ ರಾಶಿಯನ್ನು ಅದರಿಂದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುವಿದ, ಅಷ್ಟೇ. ಇನ್ನೂ ಸ್ವಲ್ಪ ತಿರುವಿದರೆ ಬಣ್ಣಗಳು ಕಲೆಸಿ ಕೆಸರಾಗುತ್ತವೆ, ಕಡಿಮೆ ತಿರುವಿದರೆ ಗೆರೆಗಳು ಬಿಡಿಸಿಕೊಳ್ಳುವುದಿಲ್ಲ. ತಿರುವಿದ್ದನ್ನು ನೂಕಿ ಎರಡು ಲೋಹದ ರೋಲರ್‌ಗಳ ನಡುವೆ ಬಿಟ್ಟ. ಒಂದು ರೋಲರ್ ಮೈಯಲ್ಲಿ ಡಿಸೈನ್ ಕೆತ್ತಿರುತ್ತದೆ. ಆ ಕಡೆಯಿಂದ ಬಾಗಿಲಿನಷ್ಟು ಉದ್ದದ ಹಾಳೆ ಹೊರಬಂತು, ದಪ್ಪ ಸುಮಾರು 3 ಮಿಲಿಮೀಟರ್, ಇನ್ನೂ ಕೆಂಪಗೆ, ಇನ್ನೂ ಬಳುಕುತ್ತ. ಸೌಟು ತುಂಬಿದಾಗಿನಿಂದ ಹಾಳೆ ಬರುವವರೆಗೆ ನಾನು ಉಸಿರು ಬಿಟ್ಟಿದ್ದು ಒಂದೆರಡು ಸಲ ಇರಬೇಕು.

ಅಲ್ಲಿಗೆ ಮುಗಿಯಲಿಲ್ಲ. ಹಾಳೆ ಒಂದು ಉದ್ದನೆಯ ಮುಚ್ಚಿದ ಒಲೆಯೊಳಗೆ ಹೋಗುತ್ತದೆ. ಅದು ಬೇಯಿಸುವ ಒಲೆ ಅಲ್ಲ, ತಣಿಸುವ ಒಲೆ. ಒಂದು ಕಡೆ 500 ಡಿಗ್ರಿಗಿಂತ ಮೇಲೆ, ಇನ್ನೊಂದು ತುದಿಯಲ್ಲಿ ಕೈಯಿಂದ ಮುಟ್ಟಬಹುದು. ಅವಸರ ಮಾಡಿದರೆ ಏನಾಗುತ್ತದೆ ಅಂತ ಕೇಳಿದೆ. ಹೊರಮೈ ಮೊದಲು ಗಟ್ಟಿಯಾಗಿ ಕೂರುತ್ತದೆ, ಒಳಗಿನದು ಆಮೇಲೆ ತಣ್ಣಗಾಗಿ ಕುಗ್ಗಲು ನೋಡುತ್ತದೆ, ಹೊರಗಿನದು ಬಿಡುವುದಿಲ್ಲ. ಆ ಜಗಳ ಗಾಜಿನೊಳಗೇ ಉಳಿದುಬಿಡುತ್ತದೆ. ಮುಂದೆ ಯಾವತ್ತೋ ಕಟ್ಟರ್ ಇಟ್ಟ ಕೂಡಲೇ ಬೇಡದ ಕಡೆ ಸೀಳುತ್ತದೆ. ಕೊನೆಗೆ ಅಂಚು ಕತ್ತರಿಸಿ, ಒಬ್ಬಾಕೆ ಒಂದು ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದು ತೋರಿಸಿದರು. ಹಾಲುಬಿಳಿಯ ಒಳಗೆ ನೀಲಿ ಹೊಗೆ ಎದ್ದು ನಿಂತಿತ್ತು, ಒಂದು ಮೂಲೆಯಲ್ಲಿ ಎಳ್ಳಿನಷ್ಟು ಗುಳ್ಳೆ. ಹಾಳೆಯನ್ನು ಸ್ವಲ್ಪ ಓರೆ ಮಾಡಿದರೆ ನೀಲಿ ಜಾಗ ಬದಲಿಸಿದಂತೆ ಕಾಣುತ್ತಿತ್ತು. ಇದರ ಜೊತೆಯದ್ದು ಇನ್ನೊಂದು ಇದೆಯಾ ಅಂದೆ. ಇಲ್ಲ, ಪ್ರತಿ ಹಾಳೆಯೂ ಬೇರೆ ಅಂದರು.

ಕೈಕೆಲಸ ಅಂದ ಕೂಡಲೇ ನಾವು ಕರಗಿ ನೀರಾಗುತ್ತೇವೆ ಅಲ್ವಾ, ಅದಕ್ಕೆ ಇದನ್ನೂ ಹೇಳಬೇಕು. ಬಣ್ಣ ಬರುವುದು ಲೋಹಗಳಿಂದ. ಕೋಬಾಲ್ಟ್ ಹಾಕಿದರೆ ನೀಲಿ, ಮ್ಯಾಂಗನೀಸ್ ಹಾಕಿದರೆ ನೇರಳೆ, ಕ್ರೋಮಿಯಂ ಹಾಕಿದರೆ ಹಸಿರು, ಗುಲಾಬಿ ಬಣ್ಣಕ್ಕೆ ನಿಜವಾದ ಚಿನ್ನ. ಅದಕ್ಕೇ ಗುಲಾಬಿ ಗಾಜಿನ ಬೆಲೆ ಜಾಸ್ತಿ. ಒಳ್ಳೆ ಕೆಂಪು, ಹಳದಿಗೆ ಕ್ಯಾಡ್ಮಿಯಂ ಮತ್ತು ಸೆಲೆನಿಯಂ. ಗಾಜಿನೊಳಗೆ ಸೇರಿದ ಮೇಲೆ ಅದು ಅಲ್ಲೇ ಇರುತ್ತದೆ, ಪುಡಿಯಾಗಿ ಗಾಳಿಗೆ ಹೋದರೆ ವಿಷ. ಅದೇ ದೇಶದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2016ರಲ್ಲಿ ಇಂಥ ಬಣ್ಣದ ಗಾಜಿನ ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ, ಆರ್ಸೆನಿಕ್ ಜಾಸ್ತಿ ಇರುವುದು ಗೊತ್ತಾಗಿ ದೊಡ್ಡ ಗಲಾಟೆಯಾಯಿತು. ಗೊತ್ತಾದದ್ದು ಹೇಗೆ ಅಂದರೆ, ಮರಗಳ ಮೇಲಿನ ಪಾಚಿಯಿಂದ. ಅಲ್ಲಿನ ಅರಣ್ಯ ಇಲಾಖೆಯ ವಿಜ್ಞಾನಿಗಳು ನಗರದ ಮರಗಳಿಂದ ಪಾಚಿ ಕೆರೆದು ತಂದು ಪರೀಕ್ಷೆ ಮಾಡಿದ್ದರು. ಪಾಚಿಗೆ ಬೇರಿಲ್ಲ, ಗಾಳಿಯಲ್ಲಿ ಮಳೆಯಲ್ಲಿ ಬಂದದ್ದನ್ನೇ ಹೀರಿಕೊಂಡು ಕೂತಿರುತ್ತದೆ. ನಮ್ಮಲ್ಲಿ ಪಾಚಿ ಇಲ್ಲದ ಮರವೇ ಇಲ್ಲ. ಕುಶಾಲನಗರದ ಹೆದ್ದಾರಿ ಪಕ್ಕದ ಮರದ್ದನ್ನೂ, ಪುಷ್ಪಗಿರಿ ಕಾಡಿನದ್ದನ್ನೂ ತಂದು ಯಾವುದಾದರೂ ಕಾಲೇಜಿನ ಮಕ್ಕಳು ಹೋಲಿಸಿ ನೋಡಿದರೆ ಚೆನ್ನಾಗಿರುತ್ತದೆ.

ನಮ್ಮ ದೇಶದಲ್ಲಿ ಗಾಜು ಅಂದರೆ ಉತ್ತರ ಪ್ರದೇಶದ ಫಿರೋಜಾಬಾದ್, ಅದರ ಬಳೆಗಳು. ಅಲ್ಲಿನ ಕುಲುಮೆಗಳು ಕಲ್ಲಿದ್ದಲು ಸುಡುತ್ತಿದ್ದವು, ಊರು ತಾಜ್ ಮಹಲ್‌ನ ರಕ್ಷಣಾ ವಲಯದೊಳಗೆ ಬರುತ್ತದೆ. ಆ ವಲಯದ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬರಬೇಕು, ಇಲ್ಲವೇ ಜಾಗ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕೊಕೊಮೊಗೆ ಅನಿಲ ಪುಣ್ಯಕ್ಕೆ ಸಿಕ್ಕಿತು, ಫಿರೋಜಾಬಾದಿಗೆ ಕೋರ್ಟ್ ಮೂಲಕ ಬಂತು.

ಇನ್ನು ನಮ್ಮ ಕಿಟಕಿಗಳ ಮಾತು. ಆ ಗಾಜು ಸೌಟಿನಲ್ಲಿ ಹುಟ್ಟಿದ್ದಲ್ಲ, ಅದರ ದಾಯಾದಿ. ಕರಗಿದ ಗಾಜು ಕುಲುಮೆಯ ಬಾಯಿಂದ ನಿಲ್ಲದೆ ಉಕ್ಕಿ ಬರುತ್ತದೆ, ಒಳಗೆ ನೀರು ಹರಿದು ತಣ್ಣಗಿರುವ ಎರಡು ರೋಲರ್ ನಡುವೆ ಸಿಕ್ಕಿ ಹಾಳೆಯಾಗುತ್ತದೆ, ಡಿಸೈನ್ ಆಗಲೇ ಒತ್ತಿಕೊಂಡಿರುತ್ತದೆ. ಹೀಗೆ ರೋಲರ್‌ಗಳ ನಡುವೆ ಡಿಸೈನ್ ಒತ್ತುವ ಮೊದಮೊದಲ ಯಂತ್ರವನ್ನು 1890ರ ಹೊತ್ತಿಗೆ ಇಂಗ್ಲೆಂಡಿನ ಚಾನ್ಸ್ ಬ್ರದರ್ಸ್ ತಂದರು. 1851ರ ಲಂಡನ್ ಪ್ರದರ್ಶನದ ಕ್ರಿಸ್ಟಲ್ ಪ್ಯಾಲೇಸ್‌ಗೆ ಗಾಜು ಕೊಟ್ಟವರೂ ಅವರೇ. ಆ ಕ್ರಿಸ್ಟಲ್ ಪ್ಯಾಲೇಸ್ ನೋಡಿಯೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಕಟ್ಟಿದ್ದು, ಅಡಿಗಲ್ಲು 1889ರಲ್ಲಿ ಬಿತ್ತು. ಅಂಗಡಿಗೆ ಹೋದರೆ ಈಗಲೂ ಪಿನ್‌ಹೆಡ್, ಬಜ್ರಿ, ಕರಾಟಾಚಿ, ಫ್ಲೂಟೆಡ್ ಅಂತ ಕೆಲವು ಡಿಸೈನ್ ಸಿಗುತ್ತವೆ. ಹಳೆ ಹೂವಿನ ಬಳ್ಳಿ, ನಕ್ಷತ್ರದ ಡಿಸೈನ್ ಕೇಳಿದರೆ ತಲೆ ಆಡಿಸುತ್ತಾರೆ. ಕೆತ್ತಿದ ರೋಲರ್ ಹೋದರೆ ಆ ಡಿಸೈನೂ ಹೋಯಿತು. ನೀವು ಗುಂಡಿಗೆ ಎಸೆದದ್ದು ಎಷ್ಟು ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವುದು ಇದೇ ಕಾರಣಕ್ಕೆ.

ಹಾಗಂತ ಈ ಕಸುಬು ಸತ್ತಿಲ್ಲ. ನಿಮ್ಮ ತಾರಸಿ ಮೇಲೆ ಕರೆಂಟಿನ ಸೋಲಾರ್ ಪ್ಯಾನೆಲ್ ಇದ್ದರೆ ಬೆಳಗ್ಗೆ ತಣ್ಣಗಿರುವಾಗ ಅದನ್ನು ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಅದರ ಗಾಜಿನಲ್ಲೂ ಸಣ್ಣ ತರಿ ತರಿ ಡಿಸೈನ್ ಇರುತ್ತದೆ. ಅದನ್ನೂ ರೋಲರ್‌ನಲ್ಲೇ ಒತ್ತಿ ಮಾಡುವುದು. ಬೆಳಕು ಹೊಳೆದು ವಾಪಸು ಹೋಗುವುದು ಕಡಿಮೆಯಾಗಲಿ ಅಂತ ತರಿ, ಬೆಳಕನ್ನು ಗಾಜೇ ನುಂಗದಿರಲಿ ಅಂತ ಕಬ್ಬಿಣದ ಅಂಶ ಕಡಿಮೆ ಇರುವ ಮರಳು.

ಕಿಟಕಿಯಿಂದ ಡಿಸೈನ್ ಗಾಜನ್ನು ಓಡಿಸಿದ್ದು ಫ್ಲೋಟ್ ಗಾಜು, ಅಂದರೆ ನಾವು ಪ್ಲೇನ್ ಗಾಜು ಅನ್ನುವುದು. ಕರಗಿದ ತವರದ ಮೇಲೆ ಕರಗಿದ ಗಾಜು ತೇಲಿಸಿ ಹಾಳೆ ಮಾಡುವ ಈ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ಹೇಳಿತು. ಉಜ್ಜುವುದು ಬೇಡ, ಪಾಲಿಶ್ ಬೇಡ, ಎರಡೂ ಮೈ ನುಣ್ಣಗೆ. ಬೆಲೆ ಇಳಿಯಿತು, ಅಗಲ ಹೆಚ್ಚಿತು. ಒಳ್ಳೆಯ ಗಾಜೇ, ನನಗೆ ಅದರ ಮೇಲೆ ದ್ವೇಷ ಇಲ್ಲ. ಎಲ್ಲಿ ಹಾಕುತ್ತೇವೆ ಅನ್ನುವುದರ ಮೇಲೆ ನನ್ನ ತಕರಾರು.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ನೆಂಟನ ಲೆಕ್ಕ, ಬಂದರೆ ಬಂದ. ಮನೆ ಸುತ್ತ ಸಿಲ್ವರ್ ಓಕ್, ಬಳಂಜಿ, ಹಲಸು. ಮಾಡು ಕೆಳಗಿಳಿದಿರುತ್ತದೆ. ಅಂಥ ಮನೆಯಲ್ಲಿ ಪ್ಲೇನ್ ಗಾಜಿನಿಂದ ಬಂದ ಬೆಳಕು ಕಿಟಕಿ ಬುಡದಲ್ಲೇ ಬಿದ್ದು ಕೂರುತ್ತದೆ. ಡಿಸೈನ್ ಗಾಜು ಅದನ್ನು ಚದುರಿಸಿ ಒಳಗಿನ ಗೋಡೆವರೆಗೆ ಕಳಿಸುತ್ತದೆ. ಹಳಬರು ಬಾಗಿಲ ಮೇಲಿನ ವೆಂಟಿಲೇಟರ್‌ಗೆ ಇದನ್ನೇ ಹಾಕಿದ್ದು ಶೋಕಿಗೆ ಮಾತ್ರ ಅಲ್ಲ. ಇನ್ನೊಂದು ವಿಷಯ, ಸಂಜೆ ದೀಪ ಹಾಕಿದ ಮೇಲೆ ಪ್ಲೇನ್ ಗಾಜಿನ ಮನೆಯೊಳಗೆ ಯಾರು ಏನು ತಿನ್ನುತ್ತಿದ್ದಾರೆ ಅಂತ ರಸ್ತೆಯಿಂದಲೇ ಹೇಳಬಹುದು. ಆಗ ಅದಕ್ಕೊಂದು ದಪ್ಪ ಪರದೆ ಹಾಕುತ್ತಾರೆ. ಹಸಿರು ಒಳಗೆ ಬರಲಿ ಅಂತ ಗಾಜು, ಜನ ನೋಡದಿರಲಿ ಅಂತ ಪರದೆ. ಪರದೆಗೆ ಮಳೆಗಾಲದಲ್ಲಿ ಬೂಸ್ಟು.

ನನ್ನನ್ನು ನಿಜವಾಗಿ ಪೆನ್ನು ಹಿಡಿಸಿದ್ದು ಹಕ್ಕಿಗಳು. ತೋಟಕ್ಕೆ ಮುಖ ಮಾಡಿದ ದೊಡ್ಡ ಗಾಜಿನಲ್ಲಿ ತೋಟವೇ ಕಾಣುತ್ತದೆ. ಹಕ್ಕಿಗೆ ಅದು ಗಾಜು ಅಂತ ಗೊತ್ತಾಗುವುದಿಲ್ಲ, ಮರ ಅಂದುಕೊಂಡು ಬರುತ್ತದೆ. ಅಮೆರಿಕ ಒಂದರಲ್ಲೇ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36 ಕೋಟಿಯಿಂದ ಸುಮಾರು 99 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ 2014ರ ಒಂದು ಅಧ್ಯಯನದ ಅಂದಾಜು. ಅದರಲ್ಲಿ ಗಗನಚುಂಬಿ ಕಟ್ಟಡಗಳ ಪಾಲು ಬಹಳ ಕಡಿಮೆ, ಜಾಸ್ತಿ ಸಾಯುವುದು ಒಂದೆರಡು ಮಹಡಿಯ ಮನೆಗಳಿಗೆ, ಸಣ್ಣ ಕಟ್ಟಡಗಳಿಗೆ ಬಡಿದು. ಅಂದರೆ ಹೋಂಸ್ಟೇಯಂಥವಕ್ಕೆ. ನಮ್ಮಲ್ಲಿ ಇದಕ್ಕೆ ಸಿಕ್ಕಿಕೊಳ್ಳುವ ಹಕ್ಕಿಗಳಲ್ಲಿ ಒಂದು ಹಸಿರು ರೆಕ್ಕೆಯ ಪಚ್ಚೆ ಪಾರಿವಾಳ. ಕಾಫಿ ಗಿಡಗಳ ಎತ್ತರದಲ್ಲೇ, ಬಾಣ ಬಿಟ್ಟಂತೆ ನೇರ ಹೋಗುವ ಹಕ್ಕಿ ಅದು, ತಿರುಗಲು ಪುರುಸೊತ್ತೇ ಇರುವುದಿಲ್ಲ. ಪರಿಚಯದವರ ಹೊಸ ಮನೆಯ ಗಾಜಿನ ಮೇಲೆ ಅದರ ಅಚ್ಚು ನೋಡಿದೆ. ಎರಡೂ ರೆಕ್ಕೆ ಬಿಡಿಸಿಕೊಂಡ ಆಕಾರ, ಗರಿಯ ಒಂದೊಂದು ಎಳೆಯೂ ಎಣಿಸುವಂತೆ, ಗರಿಯ ಮೇಲಿದ್ದ ಬಿಳಿ ಪುಡಿಯಿಂದ ಬಿದ್ದ ಗುರುತು. ಹಕ್ಕಿ ಕೆಳಗೆ ಸಿಮೆಂಟ್ ಮೇಲಿತ್ತು. ಮನೆಯವರು "ಪಾಪ, ಆಗಾಗ ಹೀಗಾಗುತ್ತೆ" ಅಂದರು, ಗಾಜು ಒರೆಸಲು ಹುಡುಗನನ್ನು ಕರೆದರು.

ಡಿಸೈನ್ ಗಾಜು ಇದಕ್ಕೆ ಪೂರ್ತಿ ಔಷಧಿ ಅಂತ ಹೇಳಲಾರೆ. ಡಿಸೈನ್ ಮೈ ಹೊರಗಿದ್ದರೆ ಮರದ ಬಿಂಬ ಒಡೆಯುತ್ತದೆ, ಹಕ್ಕಿ ತಡೆಯುತ್ತದೆ. ಆದರೆ ನಮ್ಮ ಮಳೆಗೆ ಹೊರಗಿನ ಆ ಗುಂಡಿಗಳಲ್ಲಿ ಒಂದೇ ವರ್ಷಕ್ಕೆ ಪಾಚಿ ಹಿಡಿಯುತ್ತದೆ, ಬ್ರಷ್ ಹಾಕಿ ತಿಕ್ಕಬೇಕು. ಅದಕ್ಕೇ ಆಚಾರಿಗಳು ನುಣ್ಣನೆ ಮೈ ಹೊರಗೆ, ಡಿಸೈನ್ ಒಳಗೆ ಹಾಕುವುದು. ಆಗಲೂ ಒಳಗಿನಿಂದ ಆಚೆಗೆ ದಾರಿ ಇದೆ ಅಂತ ಹಕ್ಕಿಗೆ ಕಾಣುವುದಿಲ್ಲ, ಆದರೆ ಹೊರಮೈಯ ಬಿಂಬ ಸ್ವಲ್ಪ ಉಳಿಯುತ್ತದೆ. ಈಗಾಗಲೇ ಪ್ಲೇನ್ ಗಾಜು ಹಾಕಿಸಿಕೊಂಡವರು ಅದನ್ನು ಕೀಳಬೇಕಾಗಿಲ್ಲ. ಹೊರಗಡೆಯಿಂದ, ಗಾಜಿಗೆ ತಾಗದಂತೆ ಸ್ವಲ್ಪ ದೂರದಲ್ಲಿ ಸೊಳ್ಳೆ ಬಲೆ ಬಿಗಿದು ಕಟ್ಟಿದರೆ ಸಾಕು, ಬಿಂಬವೂ ಕಡಿಮೆಯಾಗುತ್ತದೆ, ಬಡಿದ ಹಕ್ಕಿಗೂ ಅಷ್ಟು ಪೆಟ್ಟಾಗುವುದಿಲ್ಲ. ಇಲ್ಲದಿದ್ದರೆ ಹೊರಮೈ ಮೇಲೆ ಎರಡೆರಡು ಇಂಚಿಗೆ ಒಂದೊಂದು ಚುಕ್ಕೆ ಅಂಟಿಸಬೇಕು. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಅದರಿಂದ ಏನೂ ಉಪಯೋಗ ಇಲ್ಲ, ಹಕ್ಕಿ ಅದರ ಪಕ್ಕದಲ್ಲೇ ಬಂದು ಬಡಿಯುತ್ತದೆ.

ಬಚ್ಚಲಿನ ವಿಷಯ ಸ್ವಲ್ಪ ನಾಚಿಕೆಯದ್ದು, ಆದರೂ ಹೇಳಿಬಿಡುತ್ತೇನೆ. ತರಿ ಇರುವ ಮೈ ಒದ್ದೆಯಾದರೆ ನೀರು ಗುಂಡಿಗಳನ್ನು ತುಂಬಿಕೊಂಡು ಗಾಜಿನಾಚೆ ಚೆನ್ನಾಗಿಯೇ ಕಾಣಲು ಶುರುವಾಗುತ್ತದೆ, ಸಣ್ಣ ತರಿಯದ್ದಾದರೆ ಇನ್ನೂ ಜಾಸ್ತಿ. ಅದಕ್ಕೆ ಸ್ನಾನದ ಮನೆಯ ಬಾಗಿಲಿಗೆ ಡಿಸೈನ್ ಮೈ ಒಣಗಿರುವ ಕಡೆಗೇ ಇರಬೇಕು. ಒಂದು ಹೋಂಸ್ಟೇಯಲ್ಲಿ ಉಲ್ಟಾ ಹಾಕಿದ್ದರು. ಅತಿಥಿಗಳು ಏನು ಮಾಡಿದರೋ, ನಾನಂತೂ ಟವೆಲ್ ನೇತು ಹಾಕಿದೆ.

ಹಳೆ ಗಾಜು ಅಪಾಯ, ಒಡೆದರೆ ಚೂರಿ ಚೂರಿಯಾಗಿ ಬೀಳುತ್ತದೆ ಅಂತ ನಿಮ್ಮ ಲೇಖನದಲ್ಲಿತ್ತು. ಆ ಮಾತು ನಿಜ, ಒಪ್ಪುತ್ತೇನೆ. ಮಕ್ಕಳು ಓಡಾಡುವ ಬಾಗಿಲಿಗೆ, ಬಚ್ಚಲಿಗೆ, ಮೆಟ್ಟಿಲ ಪಕ್ಕಕ್ಕೆ ಹಳೆ ಗಾಜು ಬೇಡವೇ ಬೇಡ. ಅಲ್ಲಿಗೆ ಟಫನ್ಡ್ ಗಾಜೇ ಬೇಕು. ಗಾಜನ್ನು 600 ಡಿಗ್ರಿ ದಾಟಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಕೊಕೊಮೊದಲ್ಲಿ ಯಾವ ಜಗಳ ಬೇಡ ಅಂತ ಗಾಜನ್ನು ನಿಧಾನ ತಣಿಸುತ್ತಿದ್ದರೋ, ಅದೇ ಜಗಳವನ್ನು ಇಲ್ಲಿ ಬೇಕಂತಲೇ ಹುಟ್ಟಿಸುವುದು. ಆಗ ಹೊರಮೈ ಬಿಗಿದುಕೊಂಡು ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ, ಒಡೆದರೂ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಆದರೆ ಟಫನ್ ಆದ ಮೇಲೆ ಕತ್ತರಿಸಲು ಆಗುವುದಿಲ್ಲ, ಅಳತೆ ಮೊದಲೇ ಸರಿ ಇರಬೇಕು. ಲೇಖನದಲ್ಲಿ ಇಲ್ಲದಿದ್ದ ಮಾತು ಏನೆಂದರೆ, ಹೊಸ ಡಿಸೈನ್ ಗಾಜನ್ನೂ ಟಫನ್ ಮಾಡಿಸಬಹುದು. ತೀರಾ ಆಳದ ಡಿಸೈನ್‌ಗೆ ಮಾತ್ರ ಆಗುವುದಿಲ್ಲ, ತೆಳು ಇರುವ ಕಡೆ ಸೀಳುತ್ತದೆ. ಅಂಗಡಿಯವರು ಟಫನ್ಡ್ ಅಂತ ಬಾಯಲ್ಲಿ ಹೇಳಿದರೆ ಸಾಲದು, ಗಾಜಿನ ಮೂಲೆಯಲ್ಲಿ ಐಎಸ್ 2553 ಅನ್ನುವ, ಸುರಕ್ಷತಾ ಗಾಜಿನ ಭಾರತೀಯ ಮಾನಕದ ಗುರುತು ಇದೆಯಾ ನೋಡಿ. ನಮ್ಮ ಕಡೆಯ ಒಂದು ರೆಸಾರ್ಟಿನಲ್ಲಿ ಆಳೆತ್ತರದ ಗಾಜಿನ ಬಾಗಿಲಿಗೆ ಮಾಮೂಲಿ ಗಾಜೇ ಹಾಕಿದ್ದಾರೆ. ಕೇಳಿದರೆ "ದಪ್ಪ ಇದೆ ಮೇಡಂ" ಅಂದರು. ದಪ್ಪ ಇದ್ದರೆ ಒಡೆದಾಗ ಚೂರೂ ದಪ್ಪ, ಅಷ್ಟೇ.

ಹಳೆ ಗಾಜು ಉಳಿಸುವುದು ಕಷ್ಟದ ಕೆಲಸವೂ ಅಲ್ಲ. ನಮ್ಮ ಮನೆಯ ಹಿಂಬದಿ ಕೋಣೆ ರಿಪೇರಿಗೆ ಬಂದ ಆಚಾರಿ ಮೊದಲು ಗೊಣಗಿದರು. "ಹಳೆ ಗಾಜು ಕಟ್ಟರ್ ಕೇಳಲ್ಲ ಅಮ್ಮ, ಹೊಸದು ಹಾಕಿ" ಅಂದರು. ಆಗುವಷ್ಟು ಆಗಲಿ ಅಂದೆ. ಬಿಸಿಗಾಳಿ ಊದಿ ಒಣಗಿದ ಪುಟ್ಟಿ ಮೆತ್ತಗೆ ಮಾಡಿಕೊಂಡರು, ಚೂಪು ಪಟ್ಟಿಯಿಂದ ಎಬ್ಬಿಸಿದರು. ಸೋಪಿನ ನೀರಲ್ಲಿ ತೊಳೆದು ಒರೆಸಿ, ನುಣ್ಣನೆ ಮೈ ಮೇಲೆ ಮಾಡಿ, ಕಟ್ಟರ್‌ನ ತುದಿಗೆ ಸೀಮೆಎಣ್ಣೆ ಹಚ್ಚಿ ಒಂದೇ ಎಳೆತಕ್ಕೆ ಗೆರೆ ಹಾಕಿದರು. ಡಿಸೈನ್ ಮೈ ಮೇಲೆ ಗೆರೆ ಹಾಕಿದರೆ ಚಕ್ರ ಹಾರಿ ಹಾರಿ ಹೋಗುತ್ತದಂತೆ. ಕೆಲವು ಒಡೆದವು, ಉಳಿದವು ಸಣ್ಣದಾಗಿ ಕತ್ತರಿಸಿ ವೆಂಟಿಲೇಟರ್‌ಗೆ ಕೂತವು. ಕೊನೆಗೆ ಅವರೇ, ಬೇರೆ ಮನೆಯಲ್ಲಿ ಬಿಚ್ಚಿದ ಹಸಿರು ಗಾಜು ಇದೆ, ತಂದುಕೊಡಲಾ ಅಂತ ಕೇಳಿದರು.

ಇದೇ ನನ್ನ ಕೋರಿಕೆ. ಕಿಟಕಿ ಬದಲಿಸುವವರು ಬದಲಿಸಲಿ, ಅವರ ಮನೆ ಅವರ ಇಷ್ಟ. ಬಿಚ್ಚಿದ ಗಾಜನ್ನು ಗುಂಡಿಗೆ ಹಾಕುವ ಮೊದಲು ಊರಿನ ಆಚಾರಿಗೆ ಒಂದು ಮಾತು ಹೇಳಲಿ, ಎರಡು ಹಾಳೆ ನಡುವೆ ಪೇಪರ್ ಇಟ್ಟು ನಿಲ್ಲಿಸಿಡಲಿ, ಮಲಗಿಸಿಟ್ಟರೆ ಒಡೆಯುತ್ತದೆ. ಬಣ್ಣದ ಗಾಜು ಮನೆಗೆ ಒಪ್ಪುತ್ತದಾ ಅಂತ ಅನುಮಾನ ಇರುವವರು ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂಗೆ ಹೋಗಿ ಬರಲಿ. ಅದು ಹಿಂದೆ ಇಂಗ್ಲಿಷರ ಚರ್ಚ್ ಆಗಿತ್ತು, ಬಣ್ಣದ ಗಾಜಿನ ಕಿಟಕಿ ಇನ್ನೂ ಇದೆ. ಎಲ್ಲರೂ ಒಳಗಿನ ವಿಗ್ರಹ, ಕತ್ತಿ, ಕೋವಿ ನೋಡಿ ಬರುತ್ತಾರೆ, ಕಿಟಕಿ ಕಡೆ ತಲೆ ಎತ್ತುವುದಿಲ್ಲ.

ಮತ್ತೆ ಸಂಪಾದಕರೇ, ಮುಂದಿನ ಸಲ ಪುರವಣಿಯಲ್ಲಿ ಕಿಟಕಿ ಬಗ್ಗೆ ಬರೆಸುವಾಗ ಇಂಟೀರಿಯರ್‌ನವರ ಜೊತೆ ಒಬ್ಬ ಆಚಾರಿಯನ್ನೂ ಕೇಳಿಸಿ. ಚದರ ಅಡಿಗೆ ಪ್ಲೇನ್ ಗಾಜು ಎಷ್ಟು, ಟಫನ್ ಮಾಡಿದ ಡಿಸೈನ್ ಗಾಜು ಎಷ್ಟು, ಮೈಸೂರಿನಿಂದ ತರಿಸಲು ಸಾಗಣೆ ಎಷ್ಟು ಅಂತ ಪಕ್ಕದಲ್ಲೇ ಒಂದು ಸಣ್ಣ ಪಟ್ಟಿ ಹಾಕಿ. ಆ ಪಚ್ಚೆ ಪಾರಿವಾಳದ ಒಂದು ಫೋಟೋ ಕೂಡ, ಜೀವ ಇರುವುದು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಮಾದಾಪುರದ ಹತ್ತಿರ, ಕೊಡಗು